ಬಸ್ಸಿನ ಕವರಿನಲ್ಲಿ ಹೋದ ಸುದ್ದಿ, ಅಂಗೈಗೆ ಬಂದ ಸುದ್ದಿ

ನಾವು ಪತ್ರಿಕೋದ್ಯಮ ಓದುತ್ತಿದ್ದಾಗ ಒಂದು ಮಧ್ಯಾಹ್ನ ಹಿರಿಯರೊಬ್ಬರು ತರಗತಿಗೆ ಬಂದಿದ್ದರು. ಮಡಿಕೇರಿಯಲ್ಲಿ ಬಹಳ ವರ್ಷ ವರದಿಗಾರರಾಗಿದ್ದವರು. ಸುದ್ದಿ ಬರೆಯುವುದು ಹೇಗೆಂದು ಹೇಳುತ್ತಾರೆ ಅಂತ ನಾವೆಲ್ಲ ಪೆನ್ನು ಹಿಡಿದು ಕೂತಿದ್ದೆವು. ಅವರು ಶುರು ಮಾಡಿದ್ದು ಮೈಸೂರು ಬಸ್ಸಿನ ಡ್ರೈವರುಗಳಿಂದ. "ಕೊಡಗಿನ ಸುದ್ದಿಯನ್ನು ಇಷ್ಟು ವರ್ಷ ಹೊರಗೆ ಮುಟ್ಟಿಸಿದ್ದು ನಾವಲ್ಲಪ್ಪ, ಕೆಎಸ್ಸಾರ್ಟಿಸಿ" ಎಂದು ನಕ್ಕರು.

ಅವರು ಹೇಳಿದ್ದು ಹೀಗಿತ್ತು. ಬೆಳಿಗ್ಗೆ ಸಭೆ, ಪೊಲೀಸ್ ಠಾಣೆ, ಆಸ್ಪತ್ರೆ ಸುತ್ತಿ ಬಂದು ಕೈಯಲ್ಲೇ ಸುದ್ದಿ ಬರೆಯಬೇಕು. ಫೋಟೋ ಇದ್ದರೆ ರೋಲನ್ನು ಸ್ಟುಡಿಯೋದಲ್ಲಿ ತೊಳೆಸಿ ಇನ್ನೂ ಹಸಿ ಇರುವ ಪ್ರಿಂಟನ್ನೇ ಕವರಿಗೆ ಹಾಕಬೇಕು. ಮಧ್ಯಾಹ್ನದ ಬಸ್ಸಿಗೆ ಕವರ್ ಕೊಟ್ಟರೆ ಸಂಜೆ ಮೈಸೂರಿನ ಬಸ್ ನಿಲ್ದಾಣದಲ್ಲಿ ಪತ್ರಿಕೆಯ ಹುಡುಗ ಕಾದಿರುತ್ತಾನೆ. ಬಸ್ಸು ತಪ್ಪಿದರೆ ಸುದ್ದಿ ನಾಳೆಗೆ, ನಾಳೆ ಜಾಗವಿಲ್ಲದಿದ್ದರೆ ಎಂದೆಂದಿಗೂ ಇಲ್ಲ. ತುರ್ತು ಇದ್ದರೆ ಟ್ರಂಕ್ ಕಾಲ್, ಅದೂ ಸಿಗದಿದ್ದರೆ ಟೆಲಿಗ್ರಾಂ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆದರೆ, ರಸ್ತೆ ಬಂದ್ ಆಯಿತೆಂಬ ಸುದ್ದಿಯೂ ಅದೇ ರಸ್ತೆಯಲ್ಲಿ ಸಿಕ್ಕಿಕೊಂಡು ಕೂರುತ್ತಿತ್ತು!

ಇಂಟರ್‌ನೆಟ್ ಬಂದು ಸುದ್ದಿ ಬದಲಾಯಿತು ಎಂದು ಎಲ್ಲರೂ ಹೇಳುತ್ತಾರೆ. ಕೊಡಗಿನಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಮೊದಲು ಈ ರಸ್ತೆಯ ಕಥೆಯಿಂದಲೇ ಹೊರಡಬೇಕು.

ಕನ್ನಡ ಪತ್ರಿಕೋದ್ಯಮದ ಮೊದಲ ಪಾಠದಲ್ಲಿ ಬರುವ ಹೆಸರು ಹರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಅಚ್ಚಾದ 'ಮಂಗಳೂರ ಸಮಾಚಾರ' ಪತ್ರಿಕೆಯ ಸಂಪಾದಕ. ಅದೇ ಕಾರಣಕ್ಕೆ ನಾವು ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು. ಇದೇ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದು ನೆಲೆಸಿದ್ದ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. 1855ರಲ್ಲಿ ಅವನ 'ಕೂರ್ಗ್ ಮೆಮಾಯರ್ಸ್' ಪ್ರಕಟವಾಯಿತು. ಮಂಗಳೂರಿನವರಿಗೆ ಕನ್ನಡದಲ್ಲಿ ಊರ ವರ್ತಮಾನ ಕೊಟ್ಟವನು, ಕೊಡಗಿನ ಬಗ್ಗೆ ಹೊರಗಿನವರಿಗಾಗಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದ. ಕೊಡಗನ್ನು ಹೊರಗಿನವರಿಗೆ ವಿವರಿಸುವ ಆ ಚಾಳಿ ಇನ್ನೂ ಹೋಗಿಲ್ಲ. 'ಭಾರತದ ಸ್ಕಾಟ್ಲೆಂಡ್' ಎಂಬ ಮಾತನ್ನು ಒಂದು ಸಲವೂ ಬರೆಯದ ವರದಿಗಾರ ಇದ್ದರೆ ಅವರಿಗೊಂದು ನಮಸ್ಕಾರ.

ಊರಿನವರಿಗಾಗಿ ಊರಿನ ಪತ್ರಿಕೆ ಬಂದದ್ದು ಆಮೇಲೆ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ 'ಕೊಡಗಿನ ಗಾಂಧಿ' ಎನಿಸಿಕೊಂಡ ಪಂದ್ಯಂಡ ಬೆಳ್ಯಪ್ಪನವರು 'ಕೊಡಗು' ಪತ್ರಿಕೆಯನ್ನು ನಡೆಸಿದರು. ಮುಂದೆ ಉಳ್ಳಿಯಡ ಪೂವಯ್ಯನವರ 'ಬ್ರಹ್ಮಗಿರಿ' ಕೊಡವ ಭಾಷೆಯಲ್ಲೇ ವಾರಪತ್ರಿಕೆಯಾಗಿ ಬಂತು. ಆದರೆ ದಿನವೂ ಬೆಳಿಗ್ಗೆ ಕೈಗೆ ಸಿಗುವ ಪತ್ರಿಕೆ ಅಂತ ಆದದ್ದು ಬಿ.ಎಸ್. ಗೋಪಾಲಕೃಷ್ಣ ಅವರು 1957ರಲ್ಲಿ ಮಡಿಕೇರಿಯಲ್ಲಿ ಆರಂಭಿಸಿದ 'ಶಕ್ತಿ'.

ಆ ಇಸವಿಯನ್ನು ಸ್ವಲ್ಪ ಗಮನಿಸಿ. ಕೊಡಗು ಅಲ್ಲಿಯವರೆಗೆ ಸಣ್ಣದಾದರೂ ಒಂದು ರಾಜ್ಯವಾಗಿತ್ತು. ಭಾಗ 'ಸಿ' ರಾಜ್ಯ, 24 ಜನರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಅದು ಮೈಸೂರು ರಾಜ್ಯದಲ್ಲಿ ಸೇರಿಹೋಯಿತು. ಅಂದರೆ ಊರಿನ ಮಾತು ಆಡುವ ಸಭೆ ಮುಚ್ಚಿದ ಮರುವರ್ಷ ಊರಿನ ದಿನಪತ್ರಿಕೆ ಹುಟ್ಟಿದೆ. ಇದು ಯೋಜಿಸಿ ಆದದ್ದೋ ಕಾಕತಾಳೀಯವೋ, ಪರಿಣಾಮ ಮಾತ್ರ ಒಂದೇ. ಕುಟ್ಟದಿಂದ ಶನಿವಾರಸಂತೆಯವರೆಗೆ ಯಾರ ಮನೆಯ ದನ ಹುಲಿ ಹಿಡಿಯಿತು, ಯಾವ ಸೇತುವೆ ಮುಳುಗಿತು, ಯಾರು ತೀರಿಕೊಂಡರು ಎಂದು ಹೇಳುವ ಜಾಗ ಆ ನಾಲ್ಕಾರು ಪುಟಗಳೇ ಆದವು. ಇವತ್ತು 224 ಜನರ ವಿಧಾನಸಭೆಯಲ್ಲಿ ಕೊಡಗಿಗೆ ಇರುವುದು ಎರಡು ಸ್ಥಾನ, ಮಡಿಕೇರಿ ಮತ್ತು ವಿರಾಜಪೇಟೆ. 2011ರ ಜನಗಣತಿಯ ಪ್ರಕಾರ ಇಡೀ ಜಿಲ್ಲೆಯ ಜನಸಂಖ್ಯೆ 5,54,519. ಬೆಂಗಳೂರಿನ ಪತ್ರಿಕೆಗಾಗಲಿ ಟಿ.ವಿ.ಗಾಗಲಿ ಇದು ದೊಡ್ಡ ಮಾರುಕಟ್ಟೆ ಅಲ್ಲ. ಆದ್ದರಿಂದ ರಾಜ್ಯಮಟ್ಟದಲ್ಲಿ ಕೊಡಗು ಸುದ್ದಿಯಾಗಬೇಕಾದರೆ ಆನೆ ತುಳಿಯಬೇಕು, ತೀರ್ಥೋದ್ಭವ ಆಗಬೇಕು, ಅಥವಾ ಮಡಿಕೇರಿ ದಸರಾದ ಮಂಟಪ ಹೊರಡಬೇಕು. ಉಳಿದ ದಿನ ನಾವು ಹವಾಮಾನ.

ನಮ್ಮ ಮನೆ ಸುಂಟಿಕೊಪ್ಪದ ಕಡೆ. ನನ್ನ ದೊಡ್ಡಪ್ಪನಿಗೆ ಬೆಳಿಗ್ಗೆ ಪತ್ರಿಕೆ ಬಂದರೆ ಮೊದಲು ನೋಡುವುದು ನಿಧನ ವಾರ್ತೆ, ಆಮೇಲೆ ಮಳೆ, ಆಮೇಲೆ ಕಾಫಿ ಮತ್ತು ಕರಿಮೆಣಸಿನ ದರ. ಪ್ರಧಾನಿ ಏನು ಹೇಳಿದರು ಎನ್ನುವುದೆಲ್ಲ ಊಟವಾದ ಮೇಲೆ. 1993ರಲ್ಲಿ ಮಡಿಕೇರಿ ಆಕಾಶವಾಣಿ ಬಂದ ಮೇಲೆ ರೇಡಿಯೋವೂ ಈ ಪಟ್ಟಿಗೆ ಸೇರಿತು. ಕೊಡವ ತಕ್ಕ್, ಅರೆಭಾಷೆ ಎರಡೂ ಗಾಳಿಯಲ್ಲಿ ಕೇಳಿಸತೊಡಗಿದ್ದು ಆಗ. ಅಜ್ಜಿಯಂದಿರು ರೇಡಿಯೋದ ಜೊತೆ ವಾಪಸ್ ಮಾತಾಡುತ್ತಿದ್ದರಂತೆ. ತಮ್ಮ ಮಾತು ಪೆಟ್ಟಿಗೆಯೊಳಗಿಂದ ಬಂದರೆ ಉತ್ತರ ಕೊಡದೆ ಇರುವುದಾದರೂ ಹೇಗೆ?

ಈಗ ಇಂಟರ್‌ನೆಟ್. ಭಾರತದಲ್ಲಿ ಸಾರ್ವಜನಿಕರಿಗೆ ಅದು ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷವೇ ಯು.ಬಿ. ಪವನಜ ಅವರು 'ವಿಶ್ವ ಕನ್ನಡ' ಎಂಬ ಜಾಲಪತ್ರಿಕೆ ತಂದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂತು. ಆದರೂ ಕನ್ನಡ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಓದುವುದು ಬಹಳ ವರ್ಷ ಶಿಕ್ಷೆಯೇ ಆಗಿತ್ತು. ಒಂದೊಂದು ಪತ್ರಿಕೆಗೂ ಒಂದೊಂದು ಫಾಂಟು. ಇಳಿಸಿಕೊಳ್ಳದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಗೀಟು, ಚುಕ್ಕಿ. ಯೂನಿಕೋಡ್ ಬಂದು, ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟು ಸೇರಿದ ಮೇಲೆ ದಾರಿ ಸಲೀಸಾಯಿತು. ಕನ್ನಡದಲ್ಲಿ ಬ್ಲಾಗುಗಳ ಸುಗ್ಗಿ ಶುರುವಾದದ್ದು ಅದರ ನಂತರವೇ. 2005ರಲ್ಲಿ ಹರಿಪ್ರಸಾದ್ ನಾಡಿಗರ 'ಸಂಪದ', 2007ರಲ್ಲಿ ಜಿ.ಎನ್. ಮೋಹನ್ ಅವರ 'ಅವಧಿ', ಜೊತೆಗೆ ನೂರಾರು ಸಣ್ಣಪುಟ್ಟ ಬ್ಲಾಗುಗಳು.

ಈ ಸುಗ್ಗಿಯಲ್ಲಿ ಕೊಡಗಿನದೂ ಒಂದು ದೊಡ್ಡ ಪಾಲಿದೆ, ನಮ್ಮ ಸುಂಟಿಕೊಪ್ಪದ್ದೇ. ಕಥೆಗಾರ ಅಬ್ದುಲ್ ರಶೀದ್ ಹುಟ್ಟಿದ ಊರು ಅದು. ಆಕಾಶವಾಣಿಯಲ್ಲಿದ್ದ ಅವರು 'ಮೈಸೂರು ಪೋಸ್ಟ್' ಎಂಬ ಬ್ಲಾಗು ಬರೆಯುತ್ತಿದ್ದರು. ಆಮೇಲೆ 'ಕೆಂಡಸಂಪಿಗೆ' ಜಾಲಪತ್ರಿಕೆಯ ಸಂಪಾದಕರಾದರು. ಅಲ್ಲಿ ಬರುತ್ತಿದ್ದುದನ್ನು ಸುದ್ದಿ ಎನ್ನಲಾಗದು, ವರದಿಯಂತೂ ಅಲ್ಲ. ಆದರೆ ಸುದ್ದಿಯಾಗದ ಮನುಷ್ಯರು ಅಲ್ಲಿ ಬರುತ್ತಿದ್ದರು. ಅಂಥ ಬರವಣಿಗೆಗೆ ಪತ್ರಿಕೆಯ ಕಾಲಮ್ಮಿನಲ್ಲಿ ಅಳತೆಯೇ ಇಲ್ಲ. ಏನಾಯಿತು, ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ಬದುಕೂ ಬರೆಯುವಂಥದ್ದು ಎಂಬ ಧೈರ್ಯ ನಮ್ಮ ವಯಸ್ಸಿನವರಿಗೆ ಬ್ಲಾಗುಗಳಿಂದ ಬಂತು. ಪಿ. ಸಾಯಿನಾಥ್ 2014ರ ಡಿಸೆಂಬರಿನಲ್ಲಿ 'ಪರಿ' ಆರಂಭಿಸಿದಾಗ ಅದರ ಹಿಂದೆಯೂ ಇಂಥದೇ ಒಂದು ಯೋಚನೆ ಇತ್ತು. ದಿನದ ಸುದ್ದಿಯಲ್ಲಿ ಹಳ್ಳಿಗೆ ಜಾಗ ಇಲ್ಲದಿದ್ದರೆ, ಜಾಗದ ಲೆಕ್ಕವೇ ಇಲ್ಲದ ಕಡೆ ಬರೆಯೋಣ.

ಇನ್ನೊಂದು ಸಣ್ಣ ಬದಲಾವಣೆಯೂ ಆಗ ಆಯಿತು. ಕೊಡಗಿನ ಎಷ್ಟೋ ಮನೆಗಳ ಮಕ್ಕಳು ಸೈನ್ಯದಲ್ಲಿ, ಬೆಂಗಳೂರಿನಲ್ಲಿ, ಗಲ್ಫಿನಲ್ಲಿ ಇದ್ದಾರೆ. ಊರಿನ ಸುದ್ದಿ ಅವರಿಗೆ ಕಾಗದದಲ್ಲಿ, ನಂತರ ಫೋನಿನಲ್ಲಿ ಹೋಗುತ್ತಿತ್ತು. ಊರಿನ ಪತ್ರಿಕೆಯೇ ಪರದೆಯ ಮೇಲೆ ಸಿಗತೊಡಗಿದಾಗ ಓದುಗ ದೂರ ಹೋದರೂ ಓದು ಬಿಡಲಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳ ತಂಡ ಸೇರಿಸಿ ಕೊಡವ ಹಾಕಿ ಉತ್ಸವ ಶುರು ಮಾಡಿದಾಗ, ಯಾರು ಗೆದ್ದರೆಂದು ತಿಳಿಯಲು ಮರುದಿನದವರೆಗೆ ಕಾಯಬೇಕಿತ್ತು. ಈಗ ದುಬೈಯಲ್ಲಿ ಕೂತು ಯೂಟ್ಯೂಬಿನಲ್ಲಿ ಪಂದ್ಯ ನೋಡುತ್ತ ಅಂಪೈರನ್ನು ಬೈಯುತ್ತಾರೆ.

ಬ್ಲಾಗುಗಳ ಕಾಲದವರೆಗೆ ಕಥೆ ಹಿತವಾಗಿದೆ. ಮುಂದಿನದು ಅಷ್ಟು ಹಿತವಾಗಿಲ್ಲ.

2016ರ ಡಿಸೆಂಬರ್ 7ರಂದು ವಿರಾಜಪೇಟೆ ತಾಲೂಕಿನ ದಿಡ್ಡಳ್ಳಿಯಲ್ಲಿ ಜೇನುಕುರುಬ, ಯರವ ಮೊದಲಾದ ಆದಿವಾಸಿಗಳ ಗುಡಿಸಲುಗಳನ್ನು ಕೆಡವಲಾಯಿತು. 577 ಕುಟುಂಬಗಳು. ಅದು ಮೀಸಲು ಅರಣ್ಯ ಎಂದು ಅರಣ್ಯ ಇಲಾಖೆ, ಪೈಸಾರಿ ಜಾಗ ಎಂದು ಅಲ್ಲಿದ್ದವರು. ಅವರಲ್ಲಿ ಬಹಳ ಜನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಬದುಕಿ ಬಂದವರು. ಲೈನ್ ಮನೆಯವರು ಕೊಡಗಿನ ಸುದ್ದಿಯಲ್ಲಿ ಬರುತ್ತಿದ್ದುದೇ ಅಪರೂಪ. ಆನೆ ದಾಳಿಗೆ ಸತ್ತರೆ 'ಕಾರ್ಮಿಕ ಸಾವು' ಎಂದು ಎರಡು ಸಾಲು. ಹಿಂದಿನ ಕಾಲವಾಗಿದ್ದರೆ ದಿಡ್ಡಳ್ಳಿಯೂ ಒಂದು ಕಾಲಮ್ಮಿನ ತೆರವು ಕಾರ್ಯಾಚರಣೆಯಾಗಿ ಮುಗಿಯುತ್ತಿತ್ತೇನೋ. ಆದರೆ ಮುರಿದ ಗುಡಿಸಲು, ಮರದ ಕೆಳಗೆ ಮಲಗಿದ ಮಕ್ಕಳ ಚಿತ್ರಗಳು ಫೇಸ್‌ಬುಕ್ಕಿನಲ್ಲಿ ಹರಿದಾಡಿ ಬೆಂಗಳೂರು ಮುಟ್ಟಿದವು. ಹೋರಾಟದ ಮುಂಚೂಣಿಯಲ್ಲಿದ್ದ ಜೆ.ಕೆ. ಮುತ್ತಮ್ಮ ಅವರ ಹೆಸರು ರಾಜ್ಯಕ್ಕೇ ಗೊತ್ತಾಯಿತು. ನಟ ಚೇತನ್ ಬಂದರು, ಸಂಘಟನೆಗಳು ಬಂದವು, ಹಿಂದೆಯೇ ಮಂತ್ರಿಗಳು ಬಂದರು. ಕೊನೆಗೆ ಕುಶಾಲನಗರದ ಬಳಿ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಪುನರ್ವಸತಿ ಆಯಿತು. ಆ ಜಾಗ ಅವರ ಬದುಕಿಗೆ ಹೊಂದಿತೇ ಎಂಬುದು ಬೇರೆಯೇ ಲೇಖನದ ವಿಷಯ. ಕ್ಯಾಮೆರಾಗಳು ಅಷ್ಟರಲ್ಲಿ ಹೊರಟುಹೋಗಿದ್ದವು. ಆಮೇಲೂ ಅಲ್ಲಿಗೆ ಹೋಗಿ ಬರುತ್ತಿದ್ದವರು ಊರಿನ ಒಂದಿಬ್ಬರು ವರದಿಗಾರರು.

ಅದೇ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಿತ್ತು. ಎರಡೇ ವರ್ಷದಲ್ಲಿ ತೋಟದ ಮಾಲೀಕ, ರೈಟರ್, ಕಾರ್ಮಿಕ ಎಲ್ಲರ ಕೈಯಲ್ಲೂ ವಾಟ್ಸಾಪ್. ಸುದ್ದಿಗೂ ವದಂತಿಗೂ ಇದ್ದ ಗೋಡೆ ಬಿದ್ದದ್ದು ಹೀಗೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸುದ್ದಿಯನ್ನು ನಂಬಿದ ಜನ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ಅದೇ ತಿಂಗಳು, ಒಂದು ಸಂದೇಶವನ್ನು ಭಾರತದಲ್ಲಿ ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸಲಾಗದಂತೆ ಮಾಡುತ್ತೇವೆಂದು ವಾಟ್ಸಾಪ್ ಪ್ರಕಟಿಸಿತು. ಮುಂದಿನ ತಿಂಗಳು ಕೊಡಗಿನ ಗುಡ್ಡಗಳು ಕುಸಿದವು.

2018ರ ಆಗಸ್ಟ್ 15ರ ನಂತರದ ಮೂರು ದಿನ ನಮ್ಮಲ್ಲಿ ಯಾರೂ ಮರೆಯುವುದಿಲ್ಲ. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು. ಹೆಸರು ಕೇಳಿದರೆ ಸಾಕು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಅಲ್ಲಲ್ಲಿ ಇಲ್ಲವೇ ಇಲ್ಲ. ಮಂಜು, ಮಳೆ. ಆ ದಿನಗಳಲ್ಲಿ ಫೋನು ಜೀವ ಉಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ಮನೆಯಲ್ಲಿ ಎಷ್ಟು ಜನ, ಯಾವ ದಾರಿ ಇನ್ನೂ ಜೀಪಿಗೆ ಸಿಗುತ್ತದೆ, ಯಾವ ಪರಿಹಾರ ಕೇಂದ್ರಕ್ಕೆ ಹಾಲಿನ ಪುಡಿ ಬೇಕು, ಎಲ್ಲಿ ಕಂಬಳಿ ಹೆಚ್ಚಾಗಿದೆ, ಇವೆಲ್ಲ ಗ್ರೂಪುಗಳಲ್ಲೇ ನಡೆದವು. ಜೀಪು ಓಡಿಸುವ ಹುಡುಗರು ಯಾವ ವರದಿಗಾರರಿಗಿಂತಲೂ ಚೆನ್ನಾಗಿ ವರದಿ ಮಾಡಿದರು. 2004ರ ಸುನಾಮಿ ಸಮಯದಲ್ಲಿ ಬ್ಲಾಗರುಗಳು ಸೇರಿ ನೆರವಿನ ಮಾಹಿತಿ ಒಟ್ಟು ಮಾಡಿದ್ದನ್ನು ನಾವು ಪಾಠದಲ್ಲಿ ಓದಿದ್ದೆವು. ಈಗ ಅದು ನಮ್ಮ ಅಂಗಳದಲ್ಲೇ ಆಗುತ್ತಿತ್ತು.

ಆದರೆ ಒಂದು ವಿಷಯ ಆಮೇಲೆ ಹೊಳೆಯಿತು. ಮಾಹಿತಿ ಬರುತ್ತಿದ್ದುದು ಕರೆಂಟು, ಟವರು ಇನ್ನೂ ಇದ್ದ ಊರುಗಳಿಂದ. ಎಲ್ಲವೂ ಹೋಗಿದ್ದ ಊರುಗಳಿಂದ ಒಂದು ಸಂದೇಶವೂ ಇಲ್ಲ. ಪರದೆ ನೋಡುತ್ತ ಕೂತವರಿಗೆ ಅಲ್ಲಿ ಏನೂ ಆಗಿಲ್ಲ ಅನ್ನಿಸುತ್ತಿತ್ತು.

ಇನ್ನು ನನ್ನ ಕಥೆ. ಆ ರಾತ್ರಿಗಳಲ್ಲಿ ಒಂದು ರಾತ್ರಿ ನನಗೊಂದು ಧ್ವನಿ ಸಂದೇಶ ಬಂತು. ಅಣೆಕಟ್ಟೆಯಲ್ಲಿ ಬಿರುಕು ಬಿಟ್ಟಿದೆ, ಹೊಳೆ ಬದಿಯವರೆಲ್ಲ ಈಗಲೇ ಹೊರಡಿ, ಅಧಿಕಾರಿಗಳು ಸತ್ಯ ಮುಚ್ಚಿಡುತ್ತಿದ್ದಾರೆ. ಮಾತಾಡಿದವನ ಧ್ವನಿಯಲ್ಲಿ ನಿಜವಾದ ಭಯವಿತ್ತು, ಅದೇ ನಂಬುವಂತೆ ಮಾಡಿದ್ದು. ಆಗ ನಾನು ಪತ್ರಿಕೋದ್ಯಮದ ವಿದ್ಯಾರ್ಥಿ. ಎರಡು ಮೂಲಗಳಿಂದ ಖಚಿತ ಮಾಡಿಕೊಳ್ಳದೆ ಏನನ್ನೂ ಬರೆಯಬಾರದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದವನು. ಮೂರು ಗ್ರೂಪಿಗೆ ಕಳಿಸಿದೆ. ಅದರಲ್ಲಿ ಒಂದು ನಮ್ಮ ಕುಟುಂಬದ್ದು. ಹೊಳೆ ಹತ್ತಿರ ಮನೆಯಿರುವ ನನ್ನ ಚಿಕ್ಕಮ್ಮ ಅದನ್ನು ಕೇಳಿ, ಚಿಕ್ಕಪ್ಪ ಊರಲ್ಲಿಲ್ಲದ ಹೊತ್ತು, ಇಬ್ಬರು ಮಕ್ಕಳನ್ನು ಎಬ್ಬಿಸಿಕೊಂಡು ಮಧ್ಯರಾತ್ರಿ ಮಳೆಯಲ್ಲಿ ಗುಡ್ಡ ಹತ್ತಿದರು. ಎಲ್ಲ ಕಡೆ ಗುಡ್ಡ ಕುಸಿಯುತ್ತಿದ್ದ ರಾತ್ರಿ, ಹೊಳೆಗೆ ಹೆದರಿ ಗುಡ್ಡ ಹತ್ತುವುದು! ಜಾರಿ ಬಿದ್ದು ಅವರ ಬಲಗೈ ಮಣಿಕಟ್ಟು ಮುರಿಯಿತು. ಮಕ್ಕಳಿಗೆ ಏನೂ ಆಗಲಿಲ್ಲ. ಅಣೆಕಟ್ಟೆಗೂ ಏನೂ ಆಗಿರಲಿಲ್ಲ. ಇವತ್ತಿನವರೆಗೂ ಚಿಕ್ಕಮ್ಮ ಆ ಮೆಸೇಜಿನ ವಿಷಯ ಎತ್ತಿಲ್ಲ. ಕಳಿಸಿದವನ ಹೆಸರು ಮಾತ್ರ ಅವರ ಫೋನಿನಲ್ಲಿ ಈಗಲೂ ಇದೆ.

ಬಸ್ಸಿನ ಕವರಿನ ಕಾಲದಲ್ಲಿ ಈ ತಪ್ಪು ನಡೆಯಲು ಸಾಧ್ಯವೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ವದಂತಿಗೆ ಬಸ್ಸು ಬೇಕಿಲ್ಲ. ಆದರೆ ವರದಿಗಾರ ಬರೆದು, ಬಸ್ಸು ಹೊತ್ತು, ಡೆಸ್ಕಿನವರು ಓದಿ, ಯಾರೋ ಒಬ್ಬರು "ಇದು ಯಾರು ಹೇಳಿದ್ದು?" ಎಂದು ಕೇಳುವಷ್ಟು ಹೊತ್ತು ಅಲ್ಲಿ ಸಿಗುತ್ತಿತ್ತು. ಆ ವಿಳಂಬವನ್ನು ನಾವೆಲ್ಲ ಕೊರತೆ ಎಂದುಕೊಂಡಿದ್ದೆವು.

ಅದೇ ದಿನಗಳಲ್ಲಿ ಮಡಿಕೇರಿಯಲ್ಲಿ ಮನೆಯೊಂದು ಗುಡ್ಡದಿಂದ ಜಾರಿ ಬೀಳುವ ವಿಡಿಯೋ ದೇಶವೆಲ್ಲ ಸುತ್ತಿತು. ಅದು ಸುಳ್ಳಲ್ಲ, ನೂರಕ್ಕೆ ನೂರು ನಿಜ. ಆದರೆ ಅದನ್ನೇ ಮತ್ತೆ ಮತ್ತೆ ನೋಡಿದವರಿಗೆ ಇಡೀ ಕೊಡಗು ಹಾಗೆ ಜಾರಿ ಹೋಯಿತು ಎನ್ನಿಸಿತು. ಒಂದು ಮಳೆಹನಿಯೂ ಕೇಡು ಮಾಡದ ಊರುಗಳ ಹೋಂಸ್ಟೇಗಳೂ ತಿಂಗಳುಗಟ್ಟಲೆ ಖಾಲಿ ಬಿದ್ದವು. ಆಗಸ್ಟ್ 24ರಂದು ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಬಂದಾಗ ಅವರಿಗೂ ಜಿಲ್ಲಾ ಉಸ್ತುವಾರಿ ಸಚಿವ ಸಾ.ರಾ. ಮಹೇಶ್ ಅವರಿಗೂ ನಡೆದ ಮಾತಿನ ಚಕಮಕಿ ಕ್ಯಾಮೆರಾದಲ್ಲಿ ಸಿಕ್ಕಿತು. ಮುಂದಿನ ಕೆಲವು ದಿನ ದೇಶದ ಟಿ.ವಿ.ಗಳಿಗೆ ಕೊಡಗಿನ ಸುದ್ದಿ ಎಂದರೆ ಆ ಜಗಳ. ಮಕ್ಕಂದೂರಿನವರು ಪರಿಹಾರ ಕೇಂದ್ರದಲ್ಲಿ ಕೂತು ಅದನ್ನೇ ನೋಡಬೇಕಾಯಿತು.

ಇಷ್ಟೆಲ್ಲ ಹೇಳಿದ ಮೇಲೂ ಹಳೆಯದೇ ಚೆನ್ನಾಗಿತ್ತು ಎನ್ನಲು ಮನಸ್ಸು ಬಾರದು. 2019ರ ಜೂನಿನಲ್ಲಿ ಕೊಡಗಿಗೊಂದು ತುರ್ತು ಚಿಕಿತ್ಸೆಯ ಸುಸಜ್ಜಿತ ಆಸ್ಪತ್ರೆ ಬೇಕೆಂದು ನಮ್ಮ ಹುಡುಗರು ಟ್ವಿಟರ್‌ನಲ್ಲಿ ಅಭಿಯಾನ ಮಾಡಿದರು. ಅಪಘಾತವೋ ಹೃದಯಾಘಾತವೋ ಆದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಓಡಬೇಕು. ಆ ದಾರಿಯಲ್ಲಿ ಯಾರನ್ನೂ ಕಳೆದುಕೊಳ್ಳದ ಕುಟುಂಬ ನಮ್ಮಲ್ಲಿ ಕಡಿಮೆ. ಎರಡು ಸ್ಥಾನಗಳ ಜಿಲ್ಲೆಯ ಈ ಮಾತು ಎಷ್ಟೋ ಮನವಿಪತ್ರಗಳಲ್ಲಿ ಹೋಗಿ ಫೈಲಿನಲ್ಲಿ ಮಲಗಿತ್ತು. ಈಗ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಟ್ವಿಟರ್‌ನಲ್ಲೇ ಉತ್ತರಿಸಬೇಕಾಯಿತು. ಮುಂದಿನ ತಿಂಗಳೇ ಅವರ ಸರ್ಕಾರ ಬಿತ್ತು, ಅದು ಬಿಡಿ. 1956ರಲ್ಲಿ ಕಳೆದುಹೋದ ಸಭೆಯ ಒಂದು ಚೂರು ಮತ್ತೆ ಸಿಕ್ಕಿತೇನೋ ಎಂದು ಆ ಎರಡು ದಿನ ಅನ್ನಿಸಿದ್ದು ಸುಳ್ಳಲ್ಲ.

ಆದರೆ ಎಲ್ಲರಿಗೂ ಸಿಕ್ಕಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಸೋಮವಾರಪೇಟೆ ತಾಲೂಕಿನ ಮುಳ್ಳೂರು ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ನೆಟ್‌ವರ್ಕ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿ ಪಾಠ ಮಾಡಿದರು. ಪತ್ರಿಕೆಗಳೆಲ್ಲ ಅವರನ್ನು ಹೊಗಳಿದವು, ಸರಿಯೇ. ಮರ ಹತ್ತದೆ ಸಿಗ್ನಲ್ ಸಿಗದ ಊರಿನ ಸುದ್ದಿಯನ್ನು ಯಾರು, ಎಲ್ಲಿಂದ ಕಳಿಸಬೇಕು ಎಂದು ಕೇಳಿದವರು ಕಡಿಮೆ. ಭಾಷೆಯದೂ ಇದೇ ಪಾಡು. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ಮಾತೃಭಾಷೆ ಎಂದವರು 1,13,857. ಈಗ ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ ವಿಡಿಯೋ ಮಾಡುವವರಿದ್ದಾರೆ, ಸಂತೋಷ. ಯರವರ ಮಾತಿನಲ್ಲಿ ಸುದ್ದಿ ಹುಡುಕಲು ಹೋದರೆ ಬೆರಳು ಬಹಳ ಹೊತ್ತು ಪರದೆ ಸವರಬೇಕು.

ನನ್ನನ್ನು ಹೆಚ್ಚು ಕಾಡುವುದು ಉಳಿಕೆಯ ಪ್ರಶ್ನೆ. 2018ರಲ್ಲಿ ತೋಟ ಕಳೆದುಕೊಂಡ ನಮ್ಮ ನೆಂಟರೊಬ್ಬರು ಪರಿಹಾರದ ಅರ್ಜಿಗೆ ದಾಖಲೆ ಕೊಡಬೇಕಾಗಿ ಬಂದಾಗ ಫೋನಿನಲ್ಲಿದ್ದ ವಿಡಿಯೋ ತೋರಿಸಿದರು. ಯಾವ ದಿನದ್ದು, ಯಾರು ತೆಗೆದದ್ದು, ಇದು ನಿಮ್ಮದೇ ತೋಟವೇ ಎಂಬ ಪ್ರಶ್ನೆ ಬಂತು. ಅದು ಅವರಿಗೂ ಯಾರೋ ಕಳಿಸಿದ್ದು. ಕೊನೆಗೆ ಕೆಲಸಕ್ಕೆ ಬಂದದ್ದು ತಾರೀಖು, ಊರಿನ ಹೆಸರು, ಮನೆತನದ ಹೆಸರು ಮೂರೂ ಇದ್ದ ಪತ್ರಿಕೆಯ ಒಂದು ತುಂಡು. ನಾನು ವಿದ್ಯಾರ್ಥಿಯಾಗಿದ್ದಾಗ ಗುರುತು ಹಾಕಿಟ್ಟಿದ್ದ ಕೊಡಗಿನ ಬ್ಲಾಗುಗಳನ್ನು ಈ ಲೇಖನಕ್ಕೆಂದು ಮೊನ್ನೆ ತೆರೆದು ನೋಡಿದೆ. ಅರ್ಧಕ್ಕರ್ಧ ತೆರೆಯಲಿಲ್ಲ. 1957ರ ಪತ್ರಿಕೆಯ ಹಾಳೆ ಹಳದಿಯಾಗಿದ್ದರೂ ಓದಬಹುದು, 2009ರ ಬ್ಲಾಗು ಇಲ್ಲ.

ನಮ್ಮ ದೊಡ್ಡಪ್ಪ ಅಂಗಳದ ಮಳೆಮಾಪಕವನ್ನು ದಿನಾ ಬೆಳಿಗ್ಗೆ ನೋಡುತ್ತಾರೆ. ಸರ್ಕಾರದ್ದು ಮಿಲಿಮೀಟರು, ತೋಟದವರದ್ದು ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಈಗ ಅವರದೂ ಒಂದು ವಾಟ್ಸಾಪ್ ಗ್ರೂಪ್ ಇದೆ. ಸುತ್ತಲಿನ ತೋಟದವರೆಲ್ಲ ಏಳು ಗಂಟೆಯೊಳಗೆ ತಮ್ಮ ತಮ್ಮ ಮಳೆ ಹಾಕುತ್ತಾರೆ. ಜಿಲ್ಲೆಯ ಯಾವ ಪತ್ರಿಕೆಯೂ ಅಷ್ಟು ಬೇಗ, ಅಷ್ಟು ಮೂಲೆಮೂಲೆಯ ಮಳೆ ಕೊಡಲಾರದು. ಕಳೆದ ಸಲ ಮನೆಗೆ ಹೋಗಿದ್ದಾಗ ನೋಡಿದೆ, ಗ್ರೂಪಿಗೆ ಹಾಕುವ ಮೊದಲು ಅವರು ಹಳೆಯ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

"ಫೋನಲ್ಲೇ ಇರುತ್ತಲ್ಲ ದೊಡ್ಡಪ್ಪ, ಮತ್ತೆ ಯಾಕೆ ಬರೀತೀರಿ?" ಅಂದೆ.

"ಹಿಂದಿನ ಫೋನು ಕೆರೆಗೆ ಬಿತ್ತಲ್ಲ ಮಗ, ಮೂರು ವರ್ಷದ ಮಳೆ ಅದರ ಜೊತೆ ಹೋಯ್ತು" ಅಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಟೈಪ್ ಮಾಡಿದರು: 2 ಇಂಚು 35 ಸೆಂಟು.